ಮೇಡಂ ಎತ್ತುತ್ತಿದ್ದ ಬೆರಳು

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಕೊಂಚ ಸೊಟ್ಟಗಿತ್ತು. ನನ್ನ ಮಗಳು ಮಾತಾಡುವಾಗ ನಾನು ಬಾಯಿ ತೆರೆದರೆ ಸಾಕು, ಆ ಸೊಟ್ಟ ಬೆರಳು ಮೇಲೇಳುತ್ತಿತ್ತು. ಮಗಳ ಕಡೆಗಲ್ಲ, ನನ್ನ ಕಡೆಗೆ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಮಗಳಿಗೆ ಆಗ ಒಂಬತ್ತು ವರ್ಷ. ಮಾತು ತೊದಲುತ್ತದೆಂದು ಅತ್ತೆ ಬಜೆ ಬೇರು ತೇದು ನಾಲಿಗೆಗೆ ಸವರಿ ಸವರಿ ಸೋತಿದ್ದರು. ಶಾಲೆಯಲ್ಲಿ ಅವಳು ಪಾಠ ಓದಲು ಏಳುವುದನ್ನೇ ಬಿಟ್ಟಳು; ಪಾಪ ಎಂದು ಟೀಚರೂ ಕರೆಯುವುದನ್ನು ಬಿಟ್ಟರು. ಇನ್ನು ಇವಳು ಬಾಯೇ ಬಿಡುವುದಿಲ್ಲವೇನೋ ಎಂದು ಹೆದರಿ, ಪ್ರತಿ ಶನಿವಾರ ಭದ್ರಾವತಿಯಿಂದ ಬಸ್ಸು ಹಿಡಿದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಈ ಸ್ಪೀಚ್ ಥೆರಪಿ ಮೇಡಂ ಬಳಿ ಕರೆದೊಯ್ಯುತ್ತಿದ್ದೆ.

ನಾಲಿಗೆಗೆ ಏನೋ ವ್ಯಾಯಾಮ ಮಾಡಿಸುತ್ತಾರೆಂದುಕೊಂಡಿದ್ದೆ. ಅವರೋ ಮಗಳ ಜೊತೆ ಚೌಕಾಬಾರ ಆಡುತ್ತ ಕೂರುತ್ತಿದ್ದರು. ಪದವನ್ನು ಮೆತ್ತಗೆ ಶುರುಮಾಡುವುದನ್ನು ಆಟದ ನಡುವೆಯೇ ಕಲಿಸುತ್ತಿದ್ದರು. ಅವಳು ತಡವರಿಸಿದರೆ ಸುಮ್ಮನೆ ಕಾಯುತ್ತಿದ್ದರು. ಎರಡು ತಿಂಗಳಾದ ಮೇಲೆ ತಡೆಯಲಾರದೆ, ಇದು ಯಾವಾಗ ಸರಿಹೋಗುತ್ತದೆಂದು ಕೇಳಿಯೇಬಿಟ್ಟೆ.

"ಅವಳದ್ದು ಆಮೇಲೆ ನೋಡೋಣ ಮಾರಾಯ್ತಿ. ಮೊದ್ಲು ನಿಂದು ಸರಿಹೋಗ್ಲಿ," ಎಂದರು.

ಅವತ್ತೇ ನಮ್ಮಿಬ್ಬರನ್ನೂ ಎದುರಿನ ಬೇಕರಿಗೆ ಕರೆದುಕೊಂಡು ಹೋದರು. ಪ್ರತಿ ವಾರ ನಾನು ಮಗಳಿಗೆ ದಿಲ್‌ಪಸಂದ್ ಕೊಡಿಸುತ್ತಿದ್ದ ಬೇಕರಿ. ಇವತ್ತು ಅವಳೇ ಕೇಳಲಿ ಎಂದರು. ಮಗಳ ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿಕೊಂಡಳು. ಹಿಂದೆ ನಿಂತವರು ಗೊಣಗತೊಡಗಿದರು. ನಾನು ಬಾಯಿ ತೆರೆದೆ. ಬೆರಳು ಎದ್ದಿತು, ಸಾಲದ್ದಕ್ಕೆ ಮೇಡಂ ನನ್ನ ಕಾಲನ್ನೂ ತುಳಿದರು.

"ಖ... ಖ... ಖಾರ ಬನ್ನು."

ಅವಳಿಗೆ ಸಿಹಿ ಸೇರುವುದೇ ಇಲ್ಲವಂತೆ. ಅವಳು ಕೇಳುವ ಮೊದಲೇ ನಾನು ಹೇಳಿಬಿಡುತ್ತಿದ್ದೆ, ಅವಳು ತೆಪ್ಪಗೆ ತಿನ್ನುತ್ತಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನ್ನ ಮೇಲೆ ನನಗೇ ಸಿಟ್ಟು.

ಆಮೇಲೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ನಾನು ಕಲಿತೆ, ಅದೇನು ಸುಲಭವೇ? ಮಗಳ ತೊದಲು ಪೂರ್ತಿ ಹೋಗಲಿಲ್ಲ. ಆದರೆ ಮರುವರ್ಷ ತರಗತಿಯಲ್ಲಿ ತೊದಲುತ್ತಲೇ ಎದ್ದು ಒಂದಿಡೀ ಪಾಠ ಓದಿದಳು.

ಕಳೆದ ತಿಂಗಳು ಮೇಡಂ ತೀರಿಕೊಂಡರು. ನೋಡಲು ಹೋದಾಗ, ಅವರ ಯಜಮಾನರಿಗೆ ಏನೋ ಹೇಳಲು ಹೊರಟ ಮಗಳು ಮೊದಲ ಪದಕ್ಕೇ ಸಿಕ್ಕಿಕೊಂಡಳು. ಪಕ್ಕದಲ್ಲಿದ್ದ ಹೆಂಗಸೊಬ್ಬರು, ಗೊತ್ತಾಯ್ತು ಬಿಡಮ್ಮ ಎಂದು ತಾವೇ ಮುಗಿಸಲು ಹೊರಟರು. ನನಗೇ ತಿಳಿಯದಂತೆ ನನ್ನ ಬೆರಳು ಮೇಲೆದ್ದಿತ್ತು. ಆಕೆ ಮುಖ ಗಂಟಿಕ್ಕಿಕೊಂಡರು. ಇಕ್ಕಿಕೊಳ್ಳಲಿ.

ಎಲ್ಲರೂ ಕಾದೆವು.

"ಮೇ... ಮೇಡಂ ನಂಗೆ ಯಾವತ್ತೂ ಬೇಗ ಹೇಳು ಅನ್ಲಿಲ್ಲ," ಎಂದಳು.

ನಾನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ.