ಬೆಚ್ಚನೆಯ ನೀರಿನಲ್ಲಿ ಅದ್ದಿದ ಬೆರಳು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸ್ಲೈಡಕ್ಕ ಎಂದೇ. ರೋಗಿಗಳ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಯಂತ್ರದ ಅಲಗಿನಲ್ಲಿ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬೋಗುಣಿಯ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಬೆರಳುಗಳಿಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಯಾರಾದರೂ ಒಂದು ಪೊರೆ ಹರಿದರೆ, "ನಿಮ್ದು ಕೈಯಲ್ಲ ಬಿಡಿ, ಸೌಟು" ಎಂದು ರೇಗಿಸುತ್ತಿದ್ದಳು.

ಎಂಟು ತಿಂಗಳಿಂದ ಆ ಬೆರಳುಗಳೇ ಬೆಳಿಗ್ಗೆ ಮಡಚುತ್ತಿರಲಿಲ್ಲ. ಗಿಣ್ಣುಗಳು ಊದಿ ಬಿಸಿಯಾಗಿರುತ್ತಿದ್ದವು. ಏನೆಂದು ಯಾರೂ ಹೇಳಬೇಕಿರಲಿಲ್ಲ. ಅವಳ ಅಮ್ಮ ಇದೇ ಸಂಧಿವಾತದಲ್ಲಿ ಬೆರಳೆಲ್ಲ ಸೊಟ್ಟಗಾಗಿ, ಲೋಟ ಹಿಡಿಯಲಾಗದೆ, ಹತ್ತು ವರ್ಷ ಮಗಳ ಕೈಯಿಂದ ನೀರು ಕುಡಿದು ಸತ್ತಿದ್ದಳು. ಈಗ ಮುಖ ತೊಳೆಯಲು ಹೋದರೆ ನಲ್ಲಿಯ ಕೆಳಗೆ ಚಾಚಿಕೊಳ್ಳುವುದು ಅಮ್ಮನ ಕೈ. ಬೆಚ್ಚಿಬಿದ್ದು ಕನ್ನಡಿ ನೋಡುವಳು. ಸದ್ಯ, ಮುಖ ತನ್ನದೇ ಇರುತ್ತಿತ್ತು.

ರೋಗದ ಒಳಗುಟ್ಟು ಅವಳು ಮೈಕ್ರೋಸ್ಕೋಪಿನಲ್ಲಿ ನೂರಾರು ಸಲ ಕಂಡದ್ದು. ಆರೋಗ್ಯವಂತ ಕೀಲಿನ ಒಳಪೊರೆಯಲ್ಲಿ ಜೀವಕೋಶಗಳು ಒಂದೆರಡು ಸಾಲು, ಅಷ್ಟೆ. ಈ ರೋಗ ಹೊಕ್ಕರೆ ಹತ್ತು ಸಾಲು. ಮೈ ಕಾಯಬೇಕಾದ ಬಿಳಿ ರಕ್ತಕಣಗಳು ಕೀಲಿಗೆ ನುಗ್ಗಿ ಗುಂಪು ಕಟ್ಟಿ ಕೂರುತ್ತವೆ. ರಾಸಾಯನಿಕಗಳಲ್ಲಿ ಸುದ್ದಿ ಕಳಿಸಿ ಇನ್ನಷ್ಟು ಕಣಗಳನ್ನು ಕರೆಸಿಕೊಳ್ಳುತ್ತವೆ. ಒಳಪೊರೆಯ ಕೋಶಗಳಿಗೂ ಹುಚ್ಚು ಹಿಡಿಸುತ್ತವೆ. ಅವು ಮೂಳೆಗಳ ನಡುವಿನ ಮೆತ್ತೆಯಾದ ಮೃದ್ವಸ್ಥಿಯನ್ನು ಕರಗಿಸಿದರೆ, ಮೂಳೆ ಕರಗಿಸುವ ಕೋಶಗಳೂ ಎಚ್ಚೆತ್ತು ಅಂಚಿನಿಂದ ಮೆಲ್ಲತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೇಗ ಬಂದರೆ ಔಷಧಿ ಇದೆ ಎಂದು ಅವಳೇ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದಳು. ಆದರೆ ತಾನು ಕೈ ತೋರಿಸಿದ ದಿನವೇ ಅಲಗಿನ ಮುಂದಿನ ಸ್ಟೂಲು ಬೇರೆಯವರದಾಗುತ್ತದೆ, ಅಮ್ಮನ ಕಥೆ ತನ್ನದಾಗುತ್ತದೆ ಎಂದು ಭಯ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅದಕ್ಕೆ ಅವಳೊಂದು ಉಪಾಯ ಮಾಡಿಕೊಂಡಳು. ಎಲ್ಲರಿಗಿಂತ ಮೊದಲೇ ಬಂದು, ಅದೇ ಕೋಣೆಯಲ್ಲಿ ಕೆಲಸ ಮಾಡುವ ಜೊತೆಗಾರ್ತಿ ಹಿಂದಿನ ಸಂಜೆ ತುಂಬಿಟ್ಟ ಬೋಗುಣಿಯ ನೀರನ್ನು ಕಾಯಿಸಿ, ಎರಡೂ ಕೈ ಅದ್ದಿ ಕೂರುವಳು. ಗಂಟುಗಳು ಸಡಿಲಾಗುತ್ತಿದ್ದವು. ಬರಿಗೈ ಸೋಕಿದ ನೀರು ಸ್ಲೈಡು ಕೆಡಿಸುತ್ತದೆ; ಕೆಲಸಕ್ಕೆ ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಉಗಿದು ಉಪ್ಪು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ, ಸ್ಲೈಡು ಓದುವ ಡಾಕ್ಟರಮ್ಮ ಸ್ಲೈಡಕ್ಕ, ಜೊತೆಗಾರ್ತಿ ಇಬ್ಬರನ್ನೂ ಕರೆದರು.

"ಇದು ಮೊಣಕಾಲಿನ ಒಳಪೊರೆ. ಇದರ ಮೇಲೆ ಬೆರಳಿನ ಚರ್ಮದ ಸಿಪ್ಪೆ ಎಲ್ಲಿಂದ ಬಂತು? ಈ ವಾರ ಇದು ಮೂರನೇ ಸಲ." ಅವರು ಜೊತೆಗಾರ್ತಿಯ ಕಡೆ ತಿರುಗಿದರು. "ನೀರು ತುಂಬೋದು ನೀನಲ್ವಾ? ಬರಿಗೈ ಹಾಕ್ತೀಯಾ? ನಾಳೆಯಿಂದ ನೀನು ಈ ಕೋಣೆಗೆ ಬರಬೇಡ."

"ಇಲ್ಲ ಮೇಡಂ, ಆಣೆಗೂ ಇಲ್ಲ." ಜೊತೆಗಾರ್ತಿಯ ಕಣ್ಣು ತುಂಬಿತು.

ಸ್ಲೈಡಕ್ಕ ಕೈಗವಸು ತೊಟ್ಟ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸುಮ್ಮನಿದ್ದರೆ ಸಾಕಿತ್ತು, ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅವಳು ಸುಮ್ಮನೆಯೇ ಇದ್ದಳು, ಜೊತೆಗಾರ್ತಿ ಬಾಗಿಲ ತನಕ ಹೋಗುವವರೆಗೆ. ಆಮೇಲೆ ತಡೆಯಲಾಗದೆ ಕೈಗವಸು ಕಳಚಿ, ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು.

"ಆ ಸಿಪ್ಪೆ ನಂದು ಮೇಡಂ. ಅವಳನ್ನ ಕರೀರಿ."

ಡಾಕ್ಟರಮ್ಮ ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು. ಬೈಯಲಿಲ್ಲ. ಜೊತೆಗಾರ್ತಿಯನ್ನು ವಾಪಸು ಕರೆದು ಕ್ಷಮೆ ಕೇಳಿದರು. ಸ್ಲೈಡಕ್ಕನನ್ನು ಎಕ್ಸ್‌ರೇಗೆ ಕಳಿಸಿದರು.

ಸಂಜೆ ಅವರು ಆ ಫಿಲ್ಮನ್ನು ಬೆಳಕಿಗೆ ಹಿಡಿದರು. ಬಲಗೈಯ ಎರಡು ಗಿಣ್ಣುಗಳಲ್ಲಿ ಮೂಳೆಯ ಅಂಚು ಕಚ್ಚಿ ತೆಗೆದಂತಿತ್ತು.

"ಔಷಧಿ ಶುರು ಮಾಡೋಣ. ಉಳಿದ ಬೆರಳು ಉಳೀಬಹುದು."

"ಇವೆರಡು?"

ಡಾಕ್ಟರಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಮೊದಲೇ ಬಂದಿದ್ರೆ?"

"ಅದನ್ನ ನನ್ನ ಕೇಳ್ತೀರಲ್ಲ ಅಕ್ಕಾ," ಎಂದರು ಅವರು. "ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸ್ಲೈಡಕ್ಕ ಆಗ ಅತ್ತಳು.