ಎಡಗಣ್ಣಿನ ನೀರು

ಆಂಟಿ ಅತ್ತರೆ ನೀರು ಎಡಗಣ್ಣಿನಿಂದ ಮಾತ್ರ ಇಳಿಯುತ್ತಿತ್ತು. ಬಲಗಣ್ಣು ಒಣಗಿಕೊಂಡು, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿರುತ್ತಿತ್ತು. ಇದು ನನಗೆ ತಿಳಿದದ್ದು ತಡವಾಗಿ. ಆದರೆ ಅವರ ಮೇಲೆ ಅನುಮಾನ ಮೊದಲ ದಿನದಿಂದಲೇ ಇತ್ತು. ಅನುಮಾನಪಡುವುದೇ ನನ್ನ ಹೊಟ್ಟೆಪಾಡು. ಅಮೆರಿಕದ ಡೌನರ್ಸ್ ಗ್ರೋವ್‌ನ ಒಂದು ವಿಮಾ ಕಚೇರಿಯಲ್ಲಿ ಕೂತು, ಜನ ಕಳಿಸುವ ಕ್ಲೇಮುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಜರಡಿ ಹಿಡಿಯುವವಳು ನಾನು.

ಶಾಮ್‌ಬರ್ಗ್‌ನ ನಮ್ಮ ಕಟ್ಟಡದಲ್ಲಿ ಅವರದು ಕೆಳಗಿನ ಅಪಾರ್ಟ್‌ಮೆಂಟ್. ದೇಶ ಘಾನಾ. ಬೆಳಗ್ಗೆ ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನ ಬಿಡುವು. ನನ್ನ ಮಗಳು ಮೆಟ್ಟಿಲ ಬಳಿ "ಹಾಯ್ ಆಂಟಿ" ಅಂದದ್ದೇ ತಡ, ಅವಳ ಕೆನ್ನೆ ಹಿಡಿದುಕೊಂಡರು. ಅವರ ಊರಿನಲ್ಲೂ ದೊಡ್ಡವರನ್ನು ಆಂಟಿ ಎಂದೇ ಕರೆಯುವುದಂತೆ. ಈ ಕಟ್ಟಡದಲ್ಲಿ ಯಾರೂ ಹಾಗೆ ಕರೆದಿರಲಿಲ್ಲವಂತೆ. ಅಂದೇ ಮೇಲೆ ಬಂದು, ಸೊಂಟದ ಮೂಳೆ ಮುರಿದುಕೊಂಡು ಮನೆಯಲ್ಲಿದ್ದ ನಮ್ಮತ್ತೆಯ ಪಕ್ಕ ಕೂತು ಕನ್ನಡ ಧಾರಾವಾಹಿ ನೋಡಿದರು. ಭಾಷೆ ಒಂದಕ್ಷರ ತಿಳಿಯದಿದ್ದರೂ ಹಸಿರು ಸೀರೆಯ ಸೊಸೆಯತ್ತ ಬೆರಳು ತೋರಿಸಿ, "ಇವಳು ಹಾಲಿಗೆ ಏನೋ ಹಾಕ್ತಾಳೆ, ನೋಡ್ತಿರಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮಾರನೆಯ ದಿನ ಹಾಗೇ ಆಯಿತು. ಮೈಸೂರಿನಲ್ಲಿ ಟೀಚರಾಗಿದ್ದ ನಮ್ಮತ್ತೆ ಅಷ್ಟು ಸುಲಭಕ್ಕೆ ಯಾರನ್ನೂ ಹಚ್ಚಿಕೊಳ್ಳುವವರಲ್ಲ, ಇವರಿಗೆ ಮರುಳಾಗಿಬಿಟ್ಟರು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಇಪ್ಪತ್ತು ವರ್ಷ ನಾನು ಮಾಡಿದ್ದೂ ಅದೇ ಕೆಲಸ," ಅಂದರು.

ಸಿನಿಮಾ ನಟಿಯಂತೆ! ಊಟದ ಬಿಡುವಿನಲ್ಲಿ ಕಚೇರಿಯಲ್ಲೇ ಕೂತು ಇಂಟರ್‌ನೆಟ್ ತಡಕಿದೆ. ಸುಳ್ಳು ಸಿಗಬೇಕಿತ್ತು, ನಿಜವೇ ಸಿಕ್ಕಿತು. ಮಸುಕು ಮಸುಕಾದ ಒಂದು ಹಳೆಯ ಸಿನಿಮಾದಲ್ಲಿ ನಮ್ಮ ಆಂಟಿ ಅತ್ತೆಯ ಸೂಪಿಗೆ ಪುಡಿ ಬೆರೆಸಿ, ಸೌಟು ತಿರುವುತ್ತ ನಗುತ್ತಿದ್ದರು. ಸಂಜೆ ಮನೆಗೆ ಬಂದರೆ ಆಂಟಿಯ ಪಕ್ಕ ಕೂತ ನಮ್ಮತ್ತೆಯ ಕೈಯಲ್ಲೂ ಒಂದು ಬಟ್ಟಲು, ಅದರಲ್ಲಿ ಕೆಂಪು ಸೂಪು! ಕೋಟು ಕೂಡ ಬಿಚ್ಚದೆ ಬಟ್ಟಲು ಕಿತ್ತುಕೊಂಡೆ.

"ಇದರಲ್ಲಿ ಏನಿದೆ?"

"ಟೊಮೇಟೊ, ಶುಂಠಿ, ಕಡಲೇಕಾಯಿ," ಅಂದ ಆಂಟಿ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು. "ಆ ಸಿನಿಮಾ ನೋಡಿದೆಯಾ? ಅದು ಬಂದಾಗ ನಮ್ಮೂರು ಕುಮಾಸಿಯ ಮಾರ್ಕೆಟ್ಟಿನಲ್ಲಿ ನನಗೆ ಯಾರೂ ಟೊಮೇಟೊ ಮಾರ್ತಿರಲಿಲ್ಲ. ಅಮೆರಿಕದಲ್ಲಿ ನನ್ನ ಆಕ್ಟಿಂಗ್ ನಂಬಿದವಳು ನೀನೇ ಮೊದಲು."

ಚರ್ಚಿನ ನಾಟಕದಲ್ಲಿ ದೆವ್ವವಾಗಿ ಶುರುಮಾಡಿದವರು ಅವರು. ವಿಡಿಯೋ ಕ್ಯಾಮೆರಾ ಇದ್ದವನೊಬ್ಬ ಕರೆದುಕೊಂಡು ಹೋಗಿ ಸಿನಿಮಾಕ್ಕೆ ಸೇರಿಸಿದ. ವಾರಕ್ಕೊಂದು ಸಿನಿಮಾ ತಯಾರಾಗಿ ಕ್ಯಾಸೆಟ್ಟಿನಲ್ಲಿ ಮಾರಾಟವಾಗುತ್ತಿದ್ದ ಕಾಲ. ಒಳ್ಳೆಯ ಹೆಂಗಸಿನ ಪಾತ್ರ ಒಮ್ಮೆಯೂ ಸಿಗಲಿಲ್ಲ. ಕೊನೆಗೆ ಅವರ ಕೆಲಸ ಕಿತ್ತುಕೊಂಡದ್ದು ನಾವೇ ಅಂತೆ: ಇಂಡಿಯಾದ ಧಾರಾವಾಹಿಗಳು ಅವರ ಭಾಷೆಗೆ ಡಬ್ ಆಗಿ ಬಂದವು, ಜನ ಅತ್ತ ತಿರುಗಿದರು. "ನಿಮ್ಮ ಸೊಸೆಯಂದಿರ ಒಡವೆ ಮುಂದೆ ನಾನೆಲ್ಲಿ?" ಎನ್ನುತ್ತಿದ್ದರು. ತಾವೂ ಕೂತು ಅವನ್ನೇ ನೋಡಿದ್ದರಂತೆ, ಹಾಲಿನ ಗುಟ್ಟು ಅವರಿಗೆ ಗೊತ್ತಾದದ್ದು ಹಾಗೆ.

ನಮ್ಮತ್ತೆ ಮೊಮ್ಮಗಳನ್ನು ಗದರುವ "ನಾಟಕ ಆಡ್ಬೇಡ" ಅವರ ಬಾಯಿಗೂ ಬಂತು. ಮರ್ಯಾದೆಗೆಂದು ನಾನು ಸೂಪು ಚೆನ್ನಾಗಿದೆ ಅಂದರೆ ಸಾಕು, "ನಾಟಕ ಆಡ್ಬೇಡ" ಎಂದು ಕನ್ನಡದಲ್ಲೇ ಗದರುತ್ತಿದ್ದರು.

ಒಂದು ಶನಿವಾರ ಡೆಟ್ರಾಯಿಟ್ ಬಳಿ ಶೂಟಿಂಗ್ ಇದೆ, ಹೈವೇಯಲ್ಲಿ ಡ್ರೈವ್ ಮಾಡಲು ನನಗೆ ಭಯ, ಕರೆದುಕೊಂಡು ಹೋಗುತ್ತೀಯಾ ಎಂದರು. ಡೆಟ್ರಾಯಿಟ್‌ನಲ್ಲಿ ಎಂಥ ಶೂಟಿಂಗ್? ಹೋಗುವ ಮುನ್ನೂರು ಮೈಲಿಯೂ ಕನ್ನಡಿಯಲ್ಲಿ ಅವರ ಸೂಟ್‌ಕೇಸಿನ ಮೇಲೆ ಒಂದು ಕಣ್ಣಿಟ್ಟಿದ್ದೆ. ಒಳಗಿದ್ದದ್ದು ಬರೀ ವಿಗ್ಗುಗಳು. ಅವರ ದೇಶದ ನಾಲ್ಕಾರು ಜನ ಸೇರಿಕೊಂಡು, ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸಿನಿಮಾ ತೆಗೆಯುತ್ತಿದ್ದರು. ತಾನೇ ವಿಷ ಹಾಕಿ ಕೊಂದ ಗಂಡನಿಗಾಗಿ ಅಳುವ ದೃಶ್ಯ. ಅಲ್ಲಿಯವರೆಗೆ ಚಿಪ್ಸ್ ತಿನ್ನುತ್ತಿದ್ದವರು ಕೈ ಒರೆಸಿಕೊಂಡು ಕ್ಯಾಮೆರಾ ಮುಂದೆ ಕೂತರು. ಎಡಗಣ್ಣು ತುಂಬಿ ಹರಿಯಿತು. ಎಲ್ಲ ನಾಟಕವೆಂದು ಗೊತ್ತಿದ್ದೂ ನಾನು ಕರ್ಚೀಫು ಹುಡುಕಿದೆ.

ವಾಪಸು ಬರುವಾಗ ಕೇಳಿದೆ, ಒಂದೇ ಕಣ್ಣು ಯಾಕೆ?

"ನನ್ನ ಮೊದಲ ಡೈರೆಕ್ಟರು ಕ್ಯಾಮೆರಾನ ಯಾವಾಗಲೂ ಎಡಗಡೆ ಇಡ್ತಿದ್ದ. ಕಾಣದ ಕಣ್ಣಿಗೆ ಯಾಕೆ ಕೆಲಸ ಕೊಡೋದು?"

"ಹಾಗಾದ್ರೆ ನನ್ನ ಹತ್ರ ನಿಮ್ಮ ಆಟ ನಡೆಯಲ್ಲ ಬಿಡಿ. ಎಡಗಣ್ಣೇ ನೋಡ್ತಿರ್ತೀನಿ."

"ಒಂದು ದಿನ ನಿನ್ನ ಮುಂದೇನೇ ಆಕ್ಟ್ ಮಾಡ್ತೀನಿ," ಅಂದರು. "ನಿನಗೆ ಗೊತ್ತೇ ಆಗಲ್ಲ."

ಅಂದಿನಿಂದ ನನ್ನ ಪಹರೆ ಇನ್ನೂ ಬಿಗಿಯಾಯಿತು. ತಲೆನೋವು ಅಂದರೆ ಕಣ್ಣು ನೋಡುವುದು, ಅಂಗಡಿಯ ಮ್ಯಾನೇಜರ್ ಬೈದ ಅಂದರೆ ಕಣ್ಣು ನೋಡುವುದು. ಅವರಿಗೆ ಅದೊಂದು ಮೋಜು. ಆ ಚಳಿಗಾಲದಲ್ಲಿ ಅವರು ಇಳಿದುಹೋದರು, ಉಂಗುರ ಬೆರಳಿನಲ್ಲಿ ನಿಲ್ಲುತ್ತಿರಲಿಲ್ಲ. ಏನಿದು ಎಂದು ಕೇಳಿದೆ. ಊರಿನಲ್ಲಿ ದೊಡ್ಡ ಪಾತ್ರ ಸಿಕ್ಕಿದೆ, ಅದಕ್ಕಾಗಿ ತೆಳ್ಳಗಾಗುತ್ತಿದ್ದೇನೆ ಎಂದರು. ಎಡಗಣ್ಣು ನೋಡಿದೆ. ಒಣಗಿತ್ತು, ಹೊಳೆಯುತ್ತಿತ್ತು.

ವಸಂತದಲ್ಲಿ ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಕಥೆಯೇನು ಎಂದು ಕೇಳಿದೆ.

"ಒಬ್ಬಳು ಮುದುಕಿ ತನ್ನ ಊರಿಗೆ ಹೋಗ್ತಾಳೆ. ಈ ಸಲ ಯಾರಿಗೂ ವಿಷ ಹಾಕೋದಿಲ್ಲ."

"ಅಷ್ಟೇನಾ? ಇದನ್ನ ಯಾರು ನೋಡ್ತಾರೆ?"

"ನೀನು ನೋಡ್ತೀಯಲ್ಲ, ಸಾಕು."

ನನ್ನ ಕಣ್ಣು ತುಂಬಿದ್ದನ್ನು ಕಂಡು "ನಾಟಕ ಆಡ್ಬೇಡ" ಎಂದು ಕೆನ್ನೆ ತಟ್ಟಿ, ನಗುತ್ತ ಒಳಗೆ ಹೋದರು.

ಬೇಸಿಗೆ ಮುಗಿಯುವ ಮೊದಲು ಅವರ ತಂಗಿಯಿಂದ ಫೋನು ಬಂತು. ಅಕ್ಕ ತೀರಿಕೊಂಡರು ಎಂದಳು. ಸಿನಿಮಾ ಯಾವುದೂ ಇರಲಿಲ್ಲವಂತೆ. ಇಲ್ಲಿಯ ಡಾಕ್ಟರು ಚಳಿಗಾಲದಲ್ಲೇ ಕೈಚೆಲ್ಲಿದ್ದರಂತೆ. ಸಿನಿಮಾಗಳಲ್ಲಿ ಎಷ್ಟೋ ಸಲ ಸತ್ತು ಎದ್ದವರಲ್ಲವೇ? "ನಾಟಕ ಆಡ್ಬೇಡಿ," ಅಂದುಬಿಟ್ಟೆ, ಕನ್ನಡದಲ್ಲೇ. ಆ ಕಡೆ ಆಕೆಗೆ ಏನು ಅರ್ಥವಾಗಬೇಕು? ಅಳತೊಡಗಿದಳು.

ಅತ್ತೆಗೆ ಹೇಳಿದೆ. ಅವರು ಟೀವಿ ಆರಿಸಿ, ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿದರು.

"ನಿನ್ನಂಥವಳನ್ನೇ ನಂಬಿಸಿಬಿಟ್ಲಲ್ಲೇ," ಅಂದರು. "ಗೆದ್ದುಬಿಟ್ಲು ಕಣೇ."

ನನಗೆ ಎರಡೂ ಕಣ್ಣಿನಿಂದ ನೀರು ಬಂತು. ಒಂದೇ ಕಣ್ಣಿನಲ್ಲಿ ಅಳುವುದನ್ನು ಅವರು ನನಗೆ ಕಲಿಸಿರಲಿಲ್ಲ.