ಹಳೇ ಅಳತೆಯ ಚೈನು

ಟೈಲರಮ್ಮನ ಬಲಮಂಡಿ ಹೋಗಿದ್ದು ಹೊಲಿಗೆ ಯಂತ್ರದ ಪೆಡಲು ತುಳಿದು ತುಳಿದು. ಗಂಡ ತೀರಿಕೊಂಡ ಮೇಲೆ ನೆರೆಹೊರೆಯವರ ಪರದೆ, ದಿಂಬಿನ ಚೀಲ, ಮಕ್ಕಳ ಸಮವಸ್ತ್ರ ಹೊಲಿದೇ ಮಗನನ್ನು ಬೆಳೆಸಿದಳು. ಅದನ್ನು ಯಾರೂ ದುಡಿಮೆ ಅನ್ನಲಿಲ್ಲ. “ಅವಳಿಗೇನು, ಮನೇಲೇ ಕೂತಿರ್ತಾಳಲ್ಲ” ಅಂದರು. ಕೂತಲ್ಲೇ ಮಂಡಿ ಸವೆದುಹೋಯಿತು.

ಹಾಗಾಗಿ ಸೊಸೆ ಮಂಡಿನೋವಿಗೆ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯತೊಡಗಿದ್ದು ಮೊದಲು ಕಂಡದ್ದೂ ಅವಳಿಗೇ.

ಸೊಸೆಗೆ ಗುಡ್ಡದ ಮೇಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಗಿನ ಪಾಳಿಗೆ ಬಸ್ಸಿಲ್ಲ. ಅವಳ ಗಂಡ ಹರೆಯದಲ್ಲಿ ಪಂದ್ಯಕ್ಕೆ ಓಡಿಸುತ್ತಿದ್ದ ರೇಸ್ ಸೈಕಲ್ಲೇ ಗತಿ. ಬಯಲಲ್ಲಿ ಬಾಣದಂತೆ ಹೋಗುವ ಅದು ಏರು ಕಂಡರೆ ಮೊಂಡು ಎತ್ತು. ತೀರಾ ಹಗುರದ ಗೇರಿನಲ್ಲೂ ಎದ್ದು ನಿಂತು ತುಳಿಯಬೇಕು, ಆಮೇಲೆ ಇಳಿದು ತಳ್ಳಬೇಕು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಹೇಳಿಯಾಗಿತ್ತು.

“ಬಿಟ್ಬಿಡು ಮಾರಾಯ್ತಿ. ಮನೇಲಿ ಕೆಲಸಕ್ಕೇನು ಬರಗಾಲವಾ?” ಎಂದ ಗಂಡ. ಆ ಮಾತಿನಲ್ಲಿ ಕಾಳಜಿ ಇತ್ತು. ಬೆಳಿಗ್ಗೆ ತಾನೇ ಹಚ್ಚಬೇಕಾಗಿ ಬಂದಿದ್ದ ಒಲೆಯೂ ಇತ್ತು.

“ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಬಿಲ್ಲೆ ಇರೋ ಫ್ರೀವೀಲ್ ಹಾಕಿದ್ರೆ ಗೇರ್ ಇಳಿಯುತ್ತಂತೆ. ಕೂತೇ ಹತ್ತಬಹುದಂತೆ,” ಎಂದಳು ಸೊಸೆ.

“ರೇಸ್ ಸೈಕಲ್ಲಿಗೆ ಅಜ್ಜಿ ಗೇರಾ? ಮರ್ಯಾದೆ ಏನಾಗ್ಬೇಕು?”

“ಯಾರ ಮರ್ಯಾದೆ, ಸೈಕಲ್ಲಿಂದಾ ನಿಂದಾ?” ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು. “ಅಜ್ಜಿ ವಯಸ್ಸಿನವಳು ಇಲ್ಲೇ ಕೂತಿದೀನಿ, ನೋಡ್ಕೊಂಡು ಮಾತಾಡು ಮಗನೇ.”

ರಜೆಯ ದಿನ ಸೊಸೆ ಹಿಂದಿನ ಚಕ್ರವೊಂದನ್ನೇ ಬಿಚ್ಚಿ ಸೈಕಲ್ ಅಂಗಡಿಗೆ ಒಯ್ದಳು. ಅಂಗಡಿಯವ ಹೊಸ ಫ್ರೀವೀಲ್ ಕೂರಿಸಿ, ಹಳೇ ಚೈನು ಹೊಸ ಹಲ್ಲಿಗೆ ಒಗ್ಗುವುದಿಲ್ಲವೆಂದು ಹೊಸ ಚೈನನ್ನೂ, ಅದನ್ನು ಬಿಚ್ಚಿ ಸೇರಿಸುವ ಪುಟ್ಟ ಉಪಕರಣವನ್ನೂ ಕೊಟ್ಟ. “ಉದ್ದ ನೋಡ್ಕೊಂಡು ಕತ್ತರಿಸಮ್ಮ” ಎಂದನಷ್ಟೆ.

ಕತ್ತರಿಸುವ ಮಾತು ಬಂದಮೇಲೆ ಟೈಲರಮ್ಮ ಸುಮ್ಮನಿರುತ್ತಾಳೆಯೇ? ಅಡುಗೆಮನೆಯ ನೆಲಕ್ಕೆ ಹಳೇ ಪೇಪರು ಹಾಸಿದಳು. ಹಳೆಯ ಚೈನಿನ ಪಕ್ಕ ಹೊಸದನ್ನು ಮಲಗಿಸಿದಳು. “ಅಳತೆ ರವಿಕೆ ಇಟ್ಟು ಹೊಸ ರವಿಕೆ ಕತ್ತರಿಸೋದಲ್ವೇನೇ, ಇದೇನು ಬ್ರಹ್ಮವಿದ್ಯೆ?” ಸೊಸೆ ಆ ಅಳತೆಗೇ ತುಂಡು ಮಾಡಿ ಕೂರಿಸಿದಳು.

ದೊಡ್ಡ ಬಿಲ್ಲೆಗೆ ಗೇರ್ ಹಾಕುತ್ತಿದ್ದಂತೆ ಚೈನು ತಂತಿಯಂತೆ ಬಿಗಿಯಿತು. ಪೆಡಲು ಅಲ್ಲಾಡಲಿಲ್ಲ. ಸೊಸೆ ಮಸಿ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು.

“ಹೋಯ್ತು ಅತ್ತೆ. ನಾಳೆ ಹೇಗೆ ಹೋಗ್ಲಿ?”

ಟೈಲರಮ್ಮ ಬಿಗಿದ ಚೈನನ್ನು ಬೆರಳಿಂದ ಮೀಟಿ ನೋಡಿದಳು. “ಅಯ್ಯೋ, ನನ್ನ ಬುದ್ಧಿಗಿಷ್ಟು! ಮೈ ತುಂಬಿದೋಳಿಗೆ ಹಳೇ ರವಿಕೆ ಅಳತೆ ಹಿಡಿಯುತ್ತಾ? ಬಿಲ್ಲೆ ದಪ್ಪ ಆಗಿದೆ, ಚೈನೂ ಉದ್ದ ಬೇಕು. ಅಳ್ಬೇಡ, ತುಂಡು ಕೂಡಿಸಿ ಉದ್ದ ಮಾಡೋಣ.”

ಬಟ್ಟೆಯ ಚೂರನ್ನೇ ಎಸೆಯದವಳು ಚೈನಿನ ಚೂರು ಎಸೆದಿರಲಿಲ್ಲ. ಸೆರಗಿನ ತುದಿಯಿಂದ ಬಿಚ್ಚಿ ಕೊಟ್ಟಳು. ಸೊಸೆ ಉಪಕರಣದ ಹಿಡಿ ತಿರುಗಿಸತೊಡಗಿದಳು.

“ಪಿನ್ ಪೂರ್ತಿ ತಳ್ಬೇಡ, ಮತ್ತೆ ಒಳಗೆ ಹೋಗಲ್ಲ.” ಬಾಗಿಲಲ್ಲಿ ನಿಂತಿದ್ದ ಗಂಡ. ಒಳಗೆ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಚೈನಿನ ಎರಡು ತುದಿಗಳನ್ನೂ ಅವಳಿಗಾಗಿ ಹಿಡಿದುಕೊಂಡ. ಮರ್ಯಾದೆಯ ಸುದ್ದಿ ಎತ್ತಲಿಲ್ಲ.

ಮರುದಿನ ಏರಿನಲ್ಲಿ ಸೊಸೆಯ ಕಾಲುಗಳು ಬುಗುರಿಯಂತೆ ತಿರುಗಿದವು, ಸೈಕಲ್ಲು ಆಮೆಯಂತೆ ಸಾಗಿತು. ಹಾಲಿನವನೊಬ್ಬ ಪಕ್ಕದಲ್ಲೇ ನಡೆಯುತ್ತ, “ಏನಕ್ಕಾ, ಜೊತೆಗೆ ಬರ್ಲಾ?” ಎಂದು ನಕ್ಕ. ಸೊಸೆಯೂ ನಕ್ಕಳು; ನಗುವಷ್ಟು ಉಸಿರು ಆ ಏರಿನಲ್ಲಿ ಅವಳಿಗೆ ಉಳಿದದ್ದು ಅದೇ ಮೊದಲು. ಪಾಳಿಯ ಗಂಟೆ ಹೊಡೆದಾಗ ಅವಳು ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು.

ಸಂಜೆ ಟೈಲರಮ್ಮ ಹೊಸಿಲಲ್ಲೇ ಕೇಳಿದಳು: “ಏರಲ್ಲಿ ಇಳಿದ್ಯಾ?”

“ಗೇರ್ ಇಳೀತಲ್ಲ ಅತ್ತೆ, ನಾನ್ಯಾಕೆ ಇಳೀಲಿ?”

ಟೈಲರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಂಡಿಯ ಮೇಲೆ ಅಂಗೈಯಿಟ್ಟು ನೋಡಿದಳು. ಊದಿಕೊಂಡಿರಲಿಲ್ಲ, ಕಾದಿರಲಿಲ್ಲ. ಆದರೂ ಕೈ ತೆಗೆಯಲಿಲ್ಲ.

“ನಾಳೆನೂ ಹೋಗು,” ಎಂದಳು. ಆಮೇಲೆ ಒಳಗೆ ತಿರುಗಿ ಮಗನನ್ನು ಕೂಗಿದಳು: “ಏನೋ, ಒಲೆ ಹಚ್ಚಿದ್ಯಾ?”